ಕೆಂಪು ನೆಲ, ತಾಮ್ರದ ಹಂಡೆ ಮತ್ತು ನಮ್ಮ ಫ್ಯಾಮಿಲಿ ಗ್ರೂಪು

ಮೈಸೂರಿನ ಅತ್ತೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಹಳೆಯ ಸೊಬಗನ್ನು ಹೊಸ ಮನೆಗೆ ತರಲು ಹತ್ತು ಐಡಿಯಾ. ಇಳಕಲ್ ಸೀರೆಯ ಪರದೆ, ಒರಳುಕಲ್ಲಿನಲ್ಲಿ ಗಿಡ, ಹೊಲಿಗೆ ಮಿಷನ್ನಿನ ಕಾಲಿನ ಮೇಲೆ ವಾಶ್ ಬೇಸಿನ್, ಹೀಗೆ. ಮೊದಲನೆಯದು ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಹಾಕುವ ನುಣುಪು ನೆಲ. ‘ನಮ್ಮ ಪೂರ್ವಜರು ಸಾವಿರಾರು ವರ್ಷಗಳಿಂದ ಬಳಸಿದ ಕೆಂಪು ನೆಲ! ಎಸಿ ಬೇಡ, ಮನೆ ಐದು ಡಿಗ್ರಿ ತಂಪು!’ ಎಂದು ಫೋಟೋ ಸಮೇತ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಅತ್ತೆಯ ಸ್ವಂತ ಸಾಲು:

“ಈಗಿನವರ ಮನೆ ಆಸ್ಪತ್ರೆ ಥರ ಇರುತ್ತದೆ. ಎಲ್ಲರೂ ಓದಿ.”

ಅತ್ತೆಯ ಮಗ ಸೊಸೆ ಬೆಂಗಳೂರಿನಲ್ಲಿ ಹನ್ನೊಂದನೇ ಮಹಡಿಯಲ್ಲಿ ಫ್ಲ್ಯಾಟ್ ತಗೊಂಡು ಇಂಟೀರಿಯರ್ ಮಾಡಿಸುತ್ತಿದ್ದಾರೆ. ಹಾಗಾಗಿ ‘ಎಲ್ಲರೂ’ ಎಂದರೆ ಯಾರು ಎಂಬುದು ಎಲ್ಲರಿಗೂ ಗೊತ್ತಾಯಿತು. ಪಟಪಟ ಅಂತ ಕೈಮುಗಿದ ಇಮೋಜಿಗಳು ಬಂದವು. ಹತ್ತು ಐಡಿಯಾ ಓದುವಷ್ಟು ಹೊತ್ತು ಯಾರೂ ತಗೊಂಡಿರಲಿಲ್ಲ.

ಮೊದಲ ಅಪಸ್ವರ ಚಿಕ್ಕಪ್ಪನದು. ರಿಟೈರ್ಡ್ ಸಿವಿಲ್ ಎಂಜಿನಿಯರ್. ಯುಗಾದಿ ಶುಭಾಶಯ ಕಳಿಸಿದರೂ ಪಂಚಾಂಗ ಯಾವುದು ಎಂದು ಕೇಳುವ ಮನುಷ್ಯ.

“ಐದು ಡಿಗ್ರಿ ಎಂದು ಅಳೆದವರು ಯಾರು ಅಕ್ಕ? ಯಾವ ಊರು, ಯಾವ ತಿಂಗಳು, ಎಷ್ಟನೇ ಮಹಡಿ?”

ಅತ್ತೆ ಉತ್ತರಿಸಲಿಲ್ಲ. ಅವರ ಪರವಾಗಿ ದೊಡ್ಡಪ್ಪ ಬಂದರು.

“ಎಲ್ಲಕ್ಕೂ ಪುರಾವೆ ಕೇಳುತ್ತಾ ಕೂತರೆ ಸಂಸಾರ ನಡೆಯುವುದಿಲ್ಲಪ್ಪ. ಹಿರಿಯರು ಯಾವುದನ್ನೂ ಸುಮ್ನೆ ಮಾಡಿದವರಲ್ಲ. ಒರಳು, ಹಂಡೆ, ಕಂಬ ಇವೆಲ್ಲ ಮನೆಯ ಲಕ್ಷ್ಮಿ. ಶೋಕಿಗೆ ಇಡುವ ವಸ್ತುಗಳಲ್ಲ. ಶ್ರದ್ಧೆ ಇರಬೇಕು.”

ಅತ್ತೆ ಹಾಕಿದ್ದು ಆ ವಸ್ತುಗಳನ್ನು ಶೋಕಿಗೆ ಇಡುವುದು ಹೇಗೆ ಎಂಬ ಫಾರ್ವರ್ಡ್. ಅದನ್ನು ಬೈದ ಮೆಸೇಜಿಗೇ ಅತ್ತೆ ಹಾರ್ಟ್ ಒತ್ತಿದರು.

ಚಿಕ್ಕಪ್ಪ ಬಿಡಲಿಲ್ಲ. “ಅಜ್ಜನ ಮನೆ ತಂಪಾಗಿದ್ದಿದ್ದು ಗೋಡೆ ದಪ್ಪ ಇದ್ದಿದ್ದರಿಂದ. ಮೇಲೆ ಅಟ್ಟ, ಅದರ ಮೇಲೆ ಹೆಂಚು, ನೆಲದ ಕೆಳಗೆ ಮಣ್ಣು. ಹನ್ನೊಂದನೇ ಮಹಡಿಯಲ್ಲಿ ನೆಲದ ಕೆಳಗಿರುವುದು ಹತ್ತನೇ ಮಹಡಿಯವರ ಫ್ಯಾನು. ಇನ್ನು ಸಾವಿರಾರು ವರ್ಷದ ಮಾತು. ಈ ನೆಲಕ್ಕೆ ಸಿಮೆಂಟ್ ಬೇಕು. ಈಗ ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ನಾವು ಪುರಾತನ ಎಂದುಕೊಳ್ಳುವ ಮಂಗಳೂರು ಹೆಂಚು? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಅಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಸೋಗೆ ಇಲ್ಲವೇ ನಾಡಹೆಂಚು, ಕೆಳಗೆ ಸಗಣಿ ಸಾರಿಸಿದ ನೆಲ.”

“ಸುಣ್ಣದ ಗಾರೆ ನೆಲ ಇರಲಿಲ್ಲವೇ?” ದೊಡ್ಡಪ್ಪ ಕೇಳಿದರು.

ಒಳ್ಳೆಯ ಪ್ರಶ್ನೆ. ಕರಾವಳಿಯ ಗೋಡೆಚಿತ್ರಗಳ ಕಾವಿ ಕೆಲಸದಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಕೊಡುತ್ತಿದ್ದರು, ಅದು ಸಿಮೆಂಟಿಗಿಂತ ಹಳೆಯದು. ಚರ್ಚೆ ಆ ಕಡೆ ಹೋಗಿದ್ದರೆ ನನಗೂ ನಾಲ್ಕು ವಿಷಯ ತಿಳಿಯುತ್ತಿತ್ತು. ಆದರೆ ಚಿಕ್ಕಪ್ಪನ ಉತ್ತರ ಹೀಗಿತ್ತು:

“ಇದ್ದವರ ಮನೆಯಲ್ಲಿ ಇತ್ತು ದೊಡ್ಡಣ್ಣ. ನಮ್ಮಲ್ಲಿ ಕೆಂಪು ನೆಲ ಬಂದಿದ್ದು ನಿನ್ನ ಮದುವೆಗೆ. ನನ್ನ ಕಾಲೇಜು ಫೀಸಿಗೆ ದುಡ್ಡಿಲ್ಲ ಎಂದು ಅಪ್ಪ ಹೇಳಿದ್ದೂ ಅದೇ ವರ್ಷ.”

ದೊಡ್ಡಪ್ಪ ಟೈಪಿಂಗ್ ಎಂದು ಬರುತ್ತಿತ್ತು, ಹೋಗುತ್ತಿತ್ತು.

ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಬೆಳಗಾಗಿತ್ತು. ದೊಡ್ಡಪ್ಪನ ಮಗ, ನಮ್ಮೆಲ್ಲರ ಅಣ್ಣ, ಎದ್ದು ಕೊನೆಯ ಸಾಲಿನ ‘ಕೆಂಪು ನೆಲ’ ಅನ್ನುವುದನ್ನಷ್ಟೇ ನೋಡಿದ.

“ಆಹಾ! ಬೇಸಿಗೆ ರಜೆಯಲ್ಲಿ ನಡುಮನೆ ನೆಲದ ಮೇಲೆ ಬರಿಮೈಯಲ್ಲಿ ಸಾಲಾಗಿ ಮಲಗುತ್ತಿದ್ದೆವಲ್ಲ! ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆ ಕಾಯುವ ಡ್ಯೂಟಿ ಯಾರದಿತ್ತು ಹೇಳಿ ನೋಡೋಣ!”

ಕಾಗೆ ಕಾದವರು ಯಾರು, ಹಸಿ ಹಪ್ಪಳ ತಿಂದವರು ಯಾರು ಎಂಬ ವಿಚಾರಣೆ ಶುರುವಾಯಿತು. ಅದರ ಮಧ್ಯೆ ಶಿವಮೊಗ್ಗದ ತಂಗಿ, ದೊಡ್ಡಪ್ಪನ ಮಗಳು, ಒಂದು ಮೆಸೇಜ್ ಹಾಕಿದ್ದಳು: “ನಮ್ಮ ಹೊಸ ಮನೆಗೆ ರೆಡ್ ಆಕ್ಸೈಡ್ ಹಾಕಿಸೋಣ ಅಂತಿದ್ದೇವೆ. ಬಿರುಕು ಬಿಡುತ್ತದಂತೆ, ಹೌದಾ? ಕೆಲಸ ಗೊತ್ತಿರುವ ಗಾರೆಯವರು ಯಾರಾದರೂ ಇದ್ದಾರಾ?” ದಿನವಿಡೀ ಬಂದ ಮಾತುಗಳಲ್ಲಿ ಕೆಲಸದ್ದು ಅದೊಂದೇ. ಅದಕ್ಕೆ ಅಣ್ಣ ಕೊಟ್ಟ ಉತ್ತರ, “ನೀನಾಗ ತೊಟ್ಟಿಲಲ್ಲಿದ್ದೆ, ನಿನಗೆ ನೆನಪಿರುವುದಿಲ್ಲ.”

ಬೆಂಗಳೂರಿನ ಅತ್ತಿಗೆ, ಅಂದರೆ ಅತ್ತೆಯ ಸೊಸೆ, ಸಂಜೆಯವರೆಗೂ ಮಾತಾಡಿರಲಿಲ್ಲ. ಕಾಫಿ ಹೊತ್ತಿಗೆ ಬಂದರು.

“ಅತ್ತೆ, ಆ ಫೋಟೋದಲ್ಲಿರುವುದು ರೆಡ್ ಆಕ್ಸೈಡ್ ಅಲ್ಲ. ಅದು ಅತ್ತಂಗುಡಿ ಟೈಲ್ಸ್, ತಮಿಳುನಾಡಿನ ಚೆಟ್ಟಿನಾಡಿನದು. ಗಾಜಿನ ಮೇಲೆ ಬಣ್ಣ ಸುರಿದು, ಹಿಂದೆ ಸಿಮೆಂಟು ಮರಳು ತುಂಬಿ ಕೈಯಲ್ಲೇ ಮಾಡುತ್ತಾರೆ. ಸುಡುವುದಿಲ್ಲ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ನಮಗೂ ಇಷ್ಟವಿತ್ತು. ಇರುವ ಟೈಲ್ಸ್ ಒಡೆಯಲು ಅಸೋಸಿಯೇಷನ್ ಒಪ್ಪಲಿಲ್ಲ. ಹಾಲ್‌ಗೆ ನವಲಗುಂದದ ಜಮಖಾನೆ ಹಾಸಿದ್ದೇವೆ, ಕಪಾಟಿನ ಹಿಡಿಗಳು ಚನ್ನಪಟ್ಟಣದ ಅರಗಿನ ಬಣ್ಣದವು. ಗೋಡೆ ಮಾತ್ರ ಬಿಳಿ.”

ಸಂಪ್ರದಾಯ ಗೊತ್ತಿಲ್ಲದವರೆಂದು ಯಾರಿಗೆ ಓದಲು ಹೇಳಿದ್ದರೋ, ಅವರಿಗೇ ಎಲ್ಲ ಗೊತ್ತಿತ್ತು. ಅತ್ತೆ ಬರೆದರು, “ಬಿಳಿ ಗೋಡೆಯೇ ಆಸ್ಪತ್ರೆ ಥರ ಅಂದಿದ್ದು.” ಆಮೇಲೆ ಮಾತು ತಿರುಗಿಸಿದರು.

“ಏಳನೇ ಐಡಿಯಾ ನೋಡಿ. ತಾಮ್ರದ ಹಂಡೆಯಲ್ಲಿ ನೀರು ತುಂಬಿ ಹೂ ತೇಲಿ ಬಿಡುವುದು. ಅಂದ ಹಾಗೆ, ಅಮ್ಮನ ಬಚ್ಚಲುಮನೆ ಹಂಡೆ ಈಗ ಎಲ್ಲಿದೆ, ಯಾರಿಗಾದರೂ ಗೊತ್ತಾ?”

ಈ ಪ್ರಶ್ನೆ ದೊಡ್ಡಮ್ಮನಿಗೆ. ಮನೆ ಪಾಲಾದಾಗ ಹಂಡೆ ಅವರ ಕಡೆ ಹೋಗಿತ್ತು. ಅದನ್ನು ಅವರು ಪಾತ್ರೆ ಅಂಗಡಿಗೆ ಹಾಕಿ ಸ್ಟೀಲ್ ಡಬ್ಬಗಳನ್ನು ತಂದರೆಂಬ ಸುದ್ದಿ ಪ್ರತಿ ಮದುವೆಯಲ್ಲೂ ಪಿಸುಮಾತಿನಲ್ಲಿ ಓಡಾಡುತ್ತದೆ. ಗ್ರೂಪಿನಲ್ಲಿ ಬಹಿರಂಗವಾಗಿ ಬಂದಿದ್ದು ಇದೇ ಮೊದಲು.

ಸಿಗ್ನಲ್ಲು ಹೋದಂತೆ ಎಲ್ಲರೂ ಸುಮ್ಮನಾದರು. ಆಮೇಲೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಅವರು ಟೈಪ್ ಮಾಡುವುದಿಲ್ಲ.

“ಹೌದು, ಹಾಕಿದೆ. ತಳ ತೂತು ಬಿದ್ದಿತ್ತು. ಮದುವೆಯಾಗಿ ಬಂದ ಮಾರನೇ ದಿನದಿಂದ ಆ ಹಂಡೆಯ ಮಸಿ ತಿಕ್ಕಿದವಳು ನಾನು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಉಗುರು ಸವೆದಿದೆ. ಆ ಕೆಂಪು ನೆಲ ಹೊಳೆಯುತ್ತಿತ್ತು ಅಂತೀರಲ್ಲ, ದಿನಾ ಒರೆಸುತ್ತಿದ್ದವಳೂ ನಾನೇ. ಹೂವು ತೇಲಿ ಬಿಡುವವರು ಯಾರಾದರೂ ಬಂದು ಒಂದು ದಿನ ತಿಕ್ಕಿದ್ದರೆ ಹಂಡೆ ಅವರಿಗೇ ಕೊಡುತ್ತಿದ್ದೆ.”

ಇದಕ್ಕೆ ಯಾರೂ ಹಾರ್ಟ್ ಒತ್ತಲಿಲ್ಲ. ನಾನು ಒತ್ತಿದೆ. ಇಂಥ ಐಡಿಯಾಗಳ ಪಟ್ಟಿಯಲ್ಲಿ ಯಾವತ್ತೂ ಇಲ್ಲದ ವಿಷಯ ಇದು. ತಾಮ್ರ ಗಾಳಿಗೆ ಕಪ್ಪಾಗುತ್ತದೆ, ಹಿತ್ತಾಳೆ ಮಂಕಾಗುತ್ತದೆ, ಹೂವಿನ ನೀರು ಎರಡು ದಿನಕ್ಕೆ ನಾರುತ್ತದೆ. ಕೆಂಪು ನೆಲದ ಹೊಳಪು ಅರ್ಧ ಗಾರೆಯವರ ಕರಣೆಯದು, ಉಳಿದರ್ಧ ವರ್ಷಗಟ್ಟಲೆ ಒರೆಸಿದ ಕೈಯದು. ಫೋಟೋದಲ್ಲಿ ಆ ಕೈ ಬರುವುದಿಲ್ಲ.

ದೊಡ್ಡಪ್ಪ ಪಾಪ, ಬೆಳಗ್ಗೆ ಹಂಡೆಯನ್ನು ಲಕ್ಷ್ಮಿ ಅಂದಿದ್ದವರು. “ವಸ್ತುಗಳಿಗಿಂತ ಸಂಬಂಧ ದೊಡ್ಡದು” ಎಂದು ಬರೆದರು. ಚಿಕ್ಕಪ್ಪ ಕೂಡಲೇ, “ಬೆಳಗ್ಗೆ 9.12ರ ನಿನ್ನ ಮೆಸೇಜು ನೋಡು” ಎಂದು ಅದನ್ನೇ ಎತ್ತಿ ಹಾಕಿದರು. ಅಣ್ಣ ಏನೂ ಓದದೆ, ಜಗಲಿಯ ಹಲಸಿನ ಕಂಬಗಳು ಎಲ್ಲಿ ಹೋದವು ಎಂದು ಕೇಳಿದ. ಅವು ಯಾವುದೋ ರೆಸಾರ್ಟಿನ ಪಾಲಾದವೆಂದೂ, ಮಾರಿದ ಕಾಗದಕ್ಕೆ ಸಹಿ ಹಾಕಿದವರಲ್ಲಿ ತನ್ನಪ್ಪನೂ ಇದ್ದರೆಂದೂ ಅವನಿಗೆ ತಿಳಿಸುವ ಕೆಲಸವನ್ನು ಅತ್ತೆ ಬಹಳ ಉತ್ಸಾಹದಿಂದ ಮಾಡಿದರು. ರಾತ್ರಿ ಅಡ್ಮಿನ್ ಆಗಿರುವ ನಮ್ಮಪ್ಪ ಗ್ರೂಪಿಗೆ ಬೀಗ ಹಾಕಿದರು.

ತಂಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗ್ರೂಪಿನ ಹೊರಗೆ. ಚಿಕ್ಕಪ್ಪ ಅವಳಿಗೆ ಫೋನ್ ಮಾಡಿದರಂತೆ. ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಒಂದೇ ಹಾಸಾಗಿ ದೊಡ್ಡ ಹಾಲ್ ತುಂಬಾ ಹಾಕಿಸಿದರೆ ಬಿರುಕು ಗ್ಯಾರಂಟಿ. ಗಾಜಿನ ಪಟ್ಟಿ ಕೊಟ್ಟು ಚೌಕ ಚೌಕವಾಗಿ ಹಾಕಿಸು, ನೀರು ಕಟ್ಟಿ ಚೆನ್ನಾಗಿ ಕ್ಯೂರಿಂಗ್ ಮಾಡಿಸು, ಕಂಟ್ರಾಕ್ಟರ್ ಅವಸರ ಮಾಡಿದರೆ ಬೈಯಿ ಎಂದರಂತೆ. ತೀರ್ಥಹಳ್ಳಿ ಕಡೆಯ ವಯಸ್ಸಾದ ಗಾರೆಯವರೊಬ್ಬರ ನಂಬರನ್ನೂ ಕೊಟ್ಟರು.

ಅವಳು ಹಾಲ್‌ಗೆ ಟೈಲ್ಸ್, ಜಗಲಿಗೂ ದೇವರ ಕೋಣೆಗೂ ರೆಡ್ ಆಕ್ಸೈಡ್ ಹಾಕಿಸಿದಳು. ಚೆನ್ನಾಗಿ ಬಂದಿದೆ. ಫೋಟೋ ನನಗೊಬ್ಬಳಿಗೆ ಕಳಿಸಿದಳು, ಗ್ರೂಪಿಗೆ ಹಾಕಿಲ್ಲ. ಹಾಕಿದರೆ ಜಗಲಿಯ ಮೂಲೆಯಲ್ಲಿರುವ ಬೀಸುವ ಕಲ್ಲು ಯಾರ ಪಾಲಿನದು ಎಂದು ಅತ್ತೆ ಕೇಳುತ್ತಾರೆ.