ನೇಪಾಳದ ಹೊಸಬರನ್ನು ನೋಡಿದರೆ ನಿಮಗೂ ಹೊಟ್ಟೆ ಉರಿಯುತ್ತಾ?

ಪ್ರಶ್ನೆ: 2022ರಲ್ಲಿ ಹುಟ್ಟಿದ ರಾಷ್ಟ್ರೀಯ ಸ್ವತಂತ್ರ ಪಾರ್ಟಿ ಅದೇ ವರ್ಷ ಸಂಸತ್ತಿನಲ್ಲಿ 20 ಸೀಟು ಗೆದ್ದಿತು. ಆಗ ಗೆದ್ದ ಅದರ ಸಂಸದೆಯರು ಸೋಬಿತಾ ಗೌತಮ್, ಡಾಕ್ಟರ್ ತೋಶಿಮಾ ಕಾರ್ಕಿ ಅಂಥವರು ವಿರೋಧ ಪಕ್ಷದಲ್ಲಿ ಕೂತು ಮಾತಾಡುತ್ತಿದ್ದುದನ್ನು ನೋಡಿದಾಗ ಖುಷಿಯಾಗುತ್ತಿತ್ತು, ಆಮೇಲೆ ನಮ್ಮ ಕ್ಷೇತ್ರದ ಕಡೆ ತಿರುಗಿದರೆ ಅದೇ ಅಪ್ಪ, ಅಪ್ಪನ ನಂತರ ಮಗ, ಮಗನಿಗೆ ಟಿಕೆಟ್ ಸಿಗದಿದ್ದರೆ ಸೊಸೆ. ನಮ್ಮಲ್ಲಿ ಯಾಕಾಗಲ್ಲ?

ಉತ್ತರ 1: ಕಠ್ಮಂಡು ಮೇಯರ್ ಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದ ಬಾಲೇನ್ ಶಾ ಎಂ.ಟೆಕ್ ಮಾಡಿದ್ದು ನಮ್ಮ ವಿಟಿಯುನಲ್ಲೇ! ಬೆಂಗಳೂರಲ್ಲೇ ಉಳಿದಿದ್ದರೆ ನಿಲ್ಲೋಕೆ ಚುನಾವಣೆಯಾದರೂ ಎಲ್ಲಿತ್ತು? 2020ರಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು.

ಉತ್ತರ 2: ಸ್ವಲ್ಪ ತಡೀರಿ ಸಾರ್. ನೀವು ಹೇಳಿದ ಸ್ವತಂತ್ರ ಪಾರ್ಟಿಯ ಅಧ್ಯಕ್ಷ ರಬಿ ಲಾಮಿಛಾನೆ ಸಹಕಾರಿ ಸಂಘಗಳ ಹಣದ ಪ್ರಕರಣದಲ್ಲಿ 2024ರಲ್ಲಿ ಅರೆಸ್ಟ್ ಆದರು. ಬಾಲೇನ್ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದ ರೀತಿಗೆ ಅಲ್ಲೂ ಬೈದವರಿದ್ದಾರೆ. ದೂರದ ಬೆಟ್ಟ ನುಣ್ಣಗೆ, ಅಲ್ವಾ?

ಪ್ರಶ್ನೆ ಕೇಳಿದವರು: ಒಪ್ಪಿದೆ. ಆದರೂ ಅಲ್ಲಿನ ಜನ ಹೊಸಬರಿಗೆ ವೋಟು ಹಾಕಿ ನೋಡಿದರಲ್ಲ. ಇಲ್ಲಿ ಪಕ್ಷೇತರ ಅಂದರೆ ಡೆಪಾಸಿಟ್ ಹೋಯ್ತು ಅಂತಲೇ ಲೆಕ್ಕ.

ಉತ್ತರ 3: ಮೊದಲು ವಾರ್ಡಿಗೆ ನಿಲ್ಲಿ ಸಾರ್, ಕರಪತ್ರ ನಾನು ಹಂಚುತ್ತೇನೆ.