ಕೊಂಡ ಶೂ ಹಾಕಿಕೊಂಡು ಅವತ್ತೇ ಕಾಡಿಗೆ ಹೋಗಬೇಡಿ

ಪುಟ್ಟೀ, ದೊಡ್ಡಮ್ಮ ಮಾತಾಡ್ತಾ ಇದ್ದೇನೆ. ಟೈಪ್ ಮಾಡ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೆ ಬಿಡಬೇಡಿ.

ಶನಿವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆ ಸುತ್ತಿ, ಅಲ್ಲೇ ಎಲ್ಲರಿಗೂ ಸೆಕೆಂಡ್ ಹ್ಯಾಂಡ್ ಶೂ ತಗೊಂಡು, ಮಧ್ಯಾಹ್ನ ಕಾಡಿನ ದಾರಿಯಲ್ಲಿ ನಡೆಯೋಣ ಅಂತಿದ್ದೇವೆ, ಒಂದೇ ದಿನದಲ್ಲಿ ಆಗುತ್ತಾ, ಮಕ್ಕಳಿದ್ದಾರೆ, ಭಯ ಆಗ್ತಿದೆ ಅಂತ ಕೇಳಿದ್ದೀಯ. ಅದಕ್ಕೆ ನಿನ್ನ ಚಿಕ್ಕಮ್ಮ ಎರಡು ಹೂವು ಕಳಿಸಿ ಸುಮ್ಮನಾಗಿದ್ದಾಳೆ. ಹೂವು ಒಂದು ಉತ್ತರವಾ?

ಸಂತೆಗೆ ಹೋಗಿ, ಬೇಡ ಅನ್ನಲ್ಲ. ಹಳೇದು ಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಗಟ್ಟಿ ಮರದ ಕುರ್ಚಿ, ದಪ್ಪ ಉಣ್ಣೆ ಬಟ್ಟೆ ಎಲ್ಲಾ ಹಳೇದೇ ಚೆನ್ನ. ಆದರೆ ಕೊಂಡ ಶೂ ಹಾಕಿಕೊಂಡು ಅವತ್ತೇ ಕಾಡಿಗೆ ಮಾತ್ರ ಹೋಗಬೇಡಿ. ಯಾಕೆ ಅಂತ ನಿಮ್ಮ ದೊಡ್ಡಪ್ಪನನ್ನು ಕೇಳಿ. ಅವರು ಹೇಳಲ್ಲ ಬಿಡಿ, ನಾನೇ ಹೇಳುತ್ತೇನೆ.

ನಿಮ್ಮ ದೊಡ್ಡಪ್ಪನ ಸ್ವಭಾವ ಗೊತ್ತಲ್ಲ. ಯಾವನೋ ಅಂಗಡಿಯವನು ಬೆಟ್ಟ ಹತ್ತುವ ಶೂ ಒಂದು ಜೊತೆ ಮುಂದಿಟ್ಟ. ಚರ್ಮ ಫಳಫಳ. ಅಡಿ ಸವೆದೇ ಇಲ್ಲ. "ಪೆಟ್ಟಿಗೆಯಲ್ಲೇ ಇತ್ತು ಸಾರ್, ಯಾರೂ ಹಾಕಿಲ್ಲ" ಅಂದ. ಇವರಿಗೆ ನಿಧಿ ಸಿಕ್ಕಿದ ಹಾಗಾಯಿತು. ಅಲ್ಲೇ ಕೂತು ಹಾಕಿಕೊಂಡರು. ಹಳೇ ಶೂ ಕಾರಿನ ಡಿಕ್ಕಿಗೆ ಹೋಯಿತು. ಅದನ್ನಾದರೂ ಚೀಲದಲ್ಲಿ ಇಟ್ಟುಕೊಳ್ಳಿ ಅಂದೆ. ನನ್ನ ಮಾತು ಯಾರು ಕೇಳುತ್ತಾರೆ?

ಕಾಡಿನೊಳಗೆ ಒಂದು ಗಂಟೆ ನಡೆದಿರಬೇಕು. ಹಿಂದೆ ಬರುತ್ತಿದ್ದ ನಿಮ್ಮ ಅಣ್ಣ, ಆಗಿನ್ನೂ ಚಿಕ್ಕವನು, "ಅಪ್ಪಾ, ನಿಮ್ಮ ಕಾಲಿಂದ ಏನೋ ಉದುರುತ್ತಿದೆ" ಅಂದ. ನೋಡಿದರೆ ದಾರಿಯುದ್ದಕ್ಕೂ ಕಪ್ಪು ಪುಡಿ, ಹಳಸಿದ ಕೇಕ್ ಚೂರಿನ ಹಾಗೆ. "ಮಣ್ಣು ಕಣೋ" ಅಂದರು ಇವರು. ಹತ್ತು ಹೆಜ್ಜೆ ಆದ ಮೇಲೆ ಎಡಗಾಲಿನ ಸೋಲ್ ಹಿಮ್ಮಡಿ ಕಡೆಯಿಂದ ಬಾಯಿ ಬಿಟ್ಟಿತು. ಟಪ್ ಟಪ್ ಅಂತ ಹೊಡೆಯೋಕೆ ಶುರು. ಕರವಸ್ತ್ರ ಕಟ್ಟಿದೆವು. ಆಮೇಲೆ ಬಲಗಾಲಿನದ್ದೂ ಹೋಯಿತು. ಎರಡಕ್ಕೂ ಒಂದೇ ವಯಸ್ಸಲ್ಲವಾ? ಇಳಿಯುವ ದಾರಿಯಲ್ಲಿ ಸೋಲ್ ಪೂರ್ತಿ ಕಿತ್ತುಬಂದು, ನುಣ್ಣಗಿನ ತೆಳು ಹಲಗೆಯ ಮೇಲೆ ನಿಂತ ಹಾಗಾಗಿ, ಒದ್ದೆ ಬಂಡೆ ಮೇಲೆ ಜಾರಿ ಕಣಕಾಲು ಉಳುಕಿಸಿಕೊಂಡರು. ಕತ್ತಲಾಗುತ್ತಾ ಬಂದಿತ್ತು. ಒಂದು ಕಡೆ ಮಗು, ಇನ್ನೊಂದು ಕಡೆ ಇವರ ಭಾರ, ಎರಡೂ ನನ್ನ ಹೆಗಲ ಮೇಲೆ.

ಈ ಮನುಷ್ಯನಿಗೆ ನೇಯ್‌ಸ್ಮಿತ್ ಅನ್ನುವವನು 1892ರಲ್ಲಿ ಹೇಳಿದ ಲೆಕ್ಕ ಬಾಯಿಪಾಠ. ಗಂಟೆಗೆ ಸುಮಾರು 5 ಕಿಲೋಮೀಟರ್, 600 ಮೀಟರ್ ಏರು ಇದ್ದರೆ ಇನ್ನೊಂದು ಗಂಟೆ ಸೇರಿಸು, ಅಂತ ಎಲ್ಲರಿಗೂ ಪಾಠ. ಕಾಲಲ್ಲಿ ಸೋಲ್ ಇದ್ದರೆ ತಾನೇ ಆ ಲೆಕ್ಕ? ಅಂದಹಾಗೆ ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳು ಪ್ರತಿ ಹುಳಕ್ಕೂ ನಿಲ್ಲುತ್ತಾರೆ. ಅದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ.

ಆಮೇಲೆ ಶೂ ರಿಪೇರಿಯವನು ತಿಳಿಸಿ ಹೇಳಿದ. ಇಂಥ ಶೂಗಳಲ್ಲಿ ಮೇಲಿನ ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವೆ ಮೆತ್ತಗಿನ ಪದರ ಇರುತ್ತದೆ. ಬಹಳಷ್ಟು ಶೂಗಳಲ್ಲಿ ಅದು ಪಾಲಿಯುರೆಥೇನ್. ಗಾಳಿಯಲ್ಲಿರುವ ತೇವ ಅದನ್ನು ಒಳಗಿಂದಲೇ ಮುರಿಯುತ್ತಾ ಹೋಗುತ್ತದೆ. ಹೈಡ್ರಾಲಿಸಿಸ್ ಅನ್ನುತ್ತಾರೆ. ತಮಾಷೆ ಏನೆಂದರೆ ದಿನಾ ಹಾಕಿ ನಡೆಯುವ ಶೂ ಚೆನ್ನಾಗಿರುತ್ತದೆ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಜೋಪಾನ ಮಾಡಿದ್ದೇ ಬೇಗ ಪುಡಿಯಾಗುವುದು. ಅಂದರೆ "ಯಾರೂ ಹಾಕಿಲ್ಲ" ಅಂತ ಅಂಗಡಿಯವನು ಹೇಳಿದರೆ ಅಲ್ಲೇ ಅನುಮಾನ ಬರಬೇಕು. ಹೊರಗಿಂದ ಏನೂ ಗೊತ್ತಾಗಲ್ಲ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕೊಂಡ ಶೂ ಹಾಕಿಕೊಂಡು ಅವತ್ತೇ ಕಾಡಿಗೆ ಹೋಗಬೇಡಿ. ಅಳಿಯಂದಿರಿಗೂ ಕೇಳಿಸು, ಅವರೂ ದೊಡ್ಡಪ್ಪನ ಜಾತಿಯೇ.

ಹಳೇ ಸಾಮಾನು ಅಂದ ಕೂಡಲೇ ನನಗೆ ಇನ್ನೊಂದು ನೆನಪಾಗುತ್ತದೆ. ನನ್ನ ಹೊಲಿಗೆ ಮಷೀನು. ಕಾಲಲ್ಲಿ ತುಳಿಯುವುದು, ಕಬ್ಬಿಣದ ಕಾಲಿನದು. ನಿಮ್ಮೆಲ್ಲರ ಫ್ರಾಕು, ಶಾಲೆಯ ಚೀಲ, ದಿಂಬಿನ ಕವರು, ಎಲ್ಲಾ ಅದರಲ್ಲೇ ಹೊಲಿದಿದ್ದು. ಮನೆ ಖಾಲಿ ಮಾಡುವಾಗ "ಜಾಗ ಇಲ್ಲ" ಅಂತ ಹಳೇ ಸಾಮಾನಿನವನಿಗೆ ಎತ್ತಿ ಕೊಟ್ಟುಬಿಟ್ಟರು. ನನಗೆ ಒಂದು ಮಾತು ಹೇಳಲಿಲ್ಲ. ಯಾರು ಅಂತ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು, ನಾನು ಹೆಸರು ಎತ್ತಲ್ಲ. ಈಗ ನೋಡಿದರೆ ಅವರ ಮನೆ ಹಾಲ್‌ನಲ್ಲೇ ಅಂಥದೇ ಕಬ್ಬಿಣದ ಕಾಲಿನ ಮೇಲೆ ಗಾಜು ಇಟ್ಟು ಟೇಬಲ್ ಮಾಡಿದ್ದಾರೆ. ದುಡ್ಡು ಕೊಟ್ಟು ತಂದಿದ್ದಂತೆ! ಅದರ ಫೋಟೋ ಇದೇ ಗ್ರೂಪಿಗೆ ಹಾಕಿ "ಹೇಗಿದೆ" ಅಂತ ಬೇರೆ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಎಲ್ಲರೂ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ನೀನೂ ಎತ್ತಿದ್ದೆ ಪುಟ್ಟಿ, ನಾನು ನೋಡಿದ್ದೇನೆ.

ಇರಲಿ. ನೀನು ಏನು ಕೇಳಿದ್ದೆ? ಹಾಂ, ಒಂದೇ ದಿನ ಆಗುತ್ತಾ ಅಂತ. ಬೇಡ. ತಿರುಗಿಸಿ ಇಟ್ಟುಕೋ. ಶನಿವಾರ ನಡಿಗೆ, ಭಾನುವಾರ ವಾಪಸ್ ಬರುವಾಗ ಸಂತೆ. ಮಕ್ಕಳು ಈಗ ಹಾಕುತ್ತಿರುವ ಆಟದ ಶೂ ಚಿಕ್ಕ ನಡಿಗೆಗೆ ಸಾಕು. ಸಂತೆಗೆ ಬೆಳಿಗ್ಗೆಯೇ ಹೋಗಿ, ಒಳ್ಳೇದು ಆಗಲೇ ಖಾಲಿಯಾಗುವುದು. ಕೊಂಡಿದ್ದನ್ನು ಕಾರಿನಲ್ಲಿ ಬಿಟ್ಟು ಕಾಡಿಗೆ ಹೋಗುವ ತಲೆನೋವೂ ಇರಲ್ಲ, ನೇರ ಮನೆಗೆ.

ಬಟ್ಟೆ, ಚೀಲ, ಹೊದಿಕೆ ಏನು ತಗೊಂಡರೂ ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟಿ ತನ್ನಿ. ತಿಗಣೆ ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಹೊಲಿಗೆ ಸಂದಿಗಳನ್ನು ಟಾರ್ಚ್ ಹಾಕಿ ನೋಡಿ. ಬಿಸಿನೀರು ತಡೆಯುವ ಬಟ್ಟೆಯಾದರೆ ಮನೆಗೆ ಬಂದ ತಕ್ಷಣ 60 ಡಿಗ್ರಿಯಲ್ಲಿ ಒಗೆಯಿರಿ. ಹೆಲ್ಮೆಟ್, ಮಕ್ಕಳ ಕಾರ್ ಸೀಟು ಮಾತ್ರ ಹಳೇದು ಬೇಡವೇ ಬೇಡ. ಒಮ್ಮೆ ಪೆಟ್ಟು ತಿಂದಿದ್ದರೂ ನೋಡಿ ಹೇಳೋಕೆ ಆಗಲ್ಲ.

ಕಾಡಿನಿಂದ ಬಂದ ಸಂಜೆ ಮಕ್ಕಳ ಮಂಡಿ ಹಿಂದೆ, ಕಿವಿ ಹಿಂದೆ, ಕಂಕುಳು, ತೊಡೆ ಸಂದಿ ನೋಡಿ, ಉಣ್ಣಿ ಕಚ್ಚಿಕೊಂಡಿರುತ್ತದೆ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಚೂಪು ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ.

ಸಂತೆಯಲ್ಲಿ ಶೂ ಇಷ್ಟವಾಯಿತು ಅಂದರೆ ಮಡಚಿ ನೋಡು, ನಡುವಿನ ಪದರವನ್ನು ಉಗುರಲ್ಲಿ ಒತ್ತು. ಬಿರುಕು ಬಂದರೆ, ಅಂಟಂಟಾದರೆ, ಪುಡಿ ಉದುರಿದರೆ ವಾಪಸ್ ಇಡು. ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಎಷ್ಟೋ ಸಲ ಇರುತ್ತದೆ, ಅದನ್ನೂ ಓದು. ತಂದ ಮೇಲೆ ಒಂದಷ್ಟು ದಿನ ಮನೆಯ ಸುತ್ತ, ಮೆಟ್ಟಿಲ ಮೇಲೆ ಓಡಾಡಲಿ.

ಚಿಕ್ಕವನು ಅಲ್ಲಿ ಕೂತು ಶೂ ಹಾಕಿ ನೋಡುವವನಲ್ಲ, ಓಡಿಹೋಗುತ್ತಾನೆ. ಹೊರಡುವ ಮೊದಲೇ ಅವನ ಪಾದ ಕಾಗದದ ಮೇಲೆ ಇಟ್ಟು ಗೆರೆ ಎಳೆದು, ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೋ. ಕಾಗದ ಮಡಚಿಕೊಳ್ಳದೆ ಶೂ ಒಳಗೆ ಕೂತು, ಮುಂದೆ ಒಂದು ಹೆಬ್ಬೆರಳಿನ ಅಗಲ ಉಳಿದರೆ ಸರಿಯಾಗುತ್ತದೆ.