ಅಮ್ಮನನ್ನು ಜೆರುಸಲೇಮ್‌ಗೆ ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ವಿರಾಜಪೇಟೆ ಮಗಳು:
ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಸಂತ ಅನ್ನಮ್ಮನ ಚರ್ಚಿನವರು. ಅಮ್ಮನಿಗೆ 70 ಹತ್ತಿರ, ಮಂಡಿ ನೋವು ಬೇರೆ. ಯೇಸುಸ್ವಾಮಿ ನಡೆದಾಡಿದ ನೆಲ ಒಮ್ಮೆ ನೋಡಬೇಕು ಅಂತ ತುಂಬಾ ವರ್ಷದ ಆಸೆ. ಜೋರ್ಡನ್, ಇಸ್ರೇಲ್, ಈಜಿಪ್ಟ್ ಮೂರೂ ಸೇರಿದ ಪ್ಯಾಕೇಜ್ ನೋಡಿದ್ದೇವೆ. ಆದರೆ ಹೋಗಿ ಬಂದವರೊಬ್ಬರು "ಬರೀ ನೂಕುನುಗ್ಗಲು, ಅಂಗಡಿ, ಫೋಟೋ, ಪ್ರಾರ್ಥನೆಗೆ ಪುರುಸೊತ್ತೇ ಇಲ್ಲ" ಅಂದರು. ಅಮ್ಮನ ಮನಸ್ಸು ಮುರಿಯುತ್ತದೇನೋ ಅಂತ ಭಯ. ಕಾಫಿ ಕೊಯ್ಲು ಬಿಟ್ಟು ಯಾವಾಗ ಹೋಗುವುದು ಒಳ್ಳೆಯದು?

ಅಮ್ಮತ್ತಿ ತೋಟ:
ಅಕ್ಕ, ಖಂಡಿತ ಕರೆದುಕೊಂಡು ಹೋಗಿ. ಆದರೆ ಈಜಿಪ್ಟ್ ಬಿಡಿ. ಅಲ್ಲಿ ಮೋಶೆಗೆ ಹತ್ತು ಆಜ್ಞೆ ಸಿಕ್ಕಿತು ಅಂತ ನಂಬುವ ಸೀನಾಯ್ ಬೆಟ್ಟ 2,285 ಮೀಟರ್, ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕಿಂತ ಎತ್ತರ, ಅದನ್ನು ರಾತ್ರಿಯಲ್ಲೇ ಹತ್ತಿಸುತ್ತಾರೆ, ಮಂಡಿ ನೋವಿನವರಿಗೆ ಆಗುವುದಿಲ್ಲ. ಉಳಿಯುವ ದಿನಗಳನ್ನು ಗಲಿಲೇಯಕ್ಕೆ ಕೊಡಿ. ನನ್ನ ಮಟ್ಟಿಗೆ ಯೇಸು ಹತ್ತಿರ ಬಂದ ಹಾಗೆ ಅನಿಸಿದ್ದು ಅಲ್ಲಿಯೇ. ಗಲಿಲೇಯ ಸಮುದ್ರ ಅಂತಾರೆ, ಆದರೆ ಅದು ಸಿಹಿನೀರಿನ ಸರೋವರ, ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ದಡದಲ್ಲೇ ಕಪೆರ್ನೌಮ್ ಊರು, ಯೇಸುವಿನ ಶಿಷ್ಯ ಪೇತ್ರನ ಮನೆ ಅಂತ ನಂಬುವ ಕಲ್ಲಿನ ಗೋಡೆಗಳು. ಅಲ್ಲೇ ಕೂತು ಸುವಾರ್ತೆ ಓದಿದೆವು. ಯಾರೂ ಎಬ್ಬಿಸಲಿಲ್ಲ, ಯಾರೂ ತಳ್ಳಲಿಲ್ಲ. ಯೇಸು ದೀಕ್ಷಾಸ್ನಾನ ಪಡೆದ ಜೋರ್ಡನ್ ನದಿ ಮಾತ್ರ ಕಾವೇರಿ ನೋಡಿ ಬೆಳೆದವರಿಗೆ ತೀರಾ ಸಣ್ಣದು, ನೀರು ಕೆಂಪು ಮಣ್ಣಿನ ಬಣ್ಣ, ಆಚೆ ದಡ ಬೇರೆ ದೇಶ. ಅಮ್ಮನಿಗೆ ಮೊದಲೇ ಹೇಳಿಡಿ.

ಜೆರುಸಲೇಮ್‌ನ ಪವಿತ್ರ ಸಮಾಧಿ ದೇವಾಲಯದಲ್ಲಿ ನೂಕಾಟ ನಿಜ. ಒಳಗೆ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾಕ್ಕೆ ಹತ್ತುವ ಮೆಟ್ಟಿಲು ಕಡಿದು, ಕೈ ಹಿಡಿದುಕೊಳ್ಳಬೇಕು. ಯೇಸುವಿನ ಸಮಾಧಿಯ ಒಳಗೆ ಒಂದು ನಿಮಿಷವೂ ನಿಲ್ಲಲು ಬಿಡುವುದಿಲ್ಲ. ನನಗೆ ಅಲ್ಲಿ ಪ್ರಾರ್ಥನೆ ಮಾಡಲು ಆಗಲೇ ಇಲ್ಲ.

ಸುಂಟಿಕೊಪ್ಪ ಟೀಚರ್:
ಸಮಾಧಿ ದೇವಾಲಯದ ಬಗ್ಗೆ ನಾನು ಒಪ್ಪುವುದಿಲ್ಲ. ಗ್ರೀಕ್, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್, ನಮ್ಮ ಕಥೋಲಿಕರು, ಎಲ್ಲರೂ ಅವರವರ ರೀತಿಯಲ್ಲಿ ಹಾಡುತ್ತಾರೆ. ಬಾಗಿಲ ಬೀಗದ ಕೈ ಶತಮಾನಗಳಿಂದ ಮುಸ್ಲಿಂ ಮನೆತನಗಳ ಕೈಯಲ್ಲಿ. ಆ ಗದ್ದಲವೂ ಒಂದು ಪ್ರಾರ್ಥನೆಯೇ ಅಲ್ವಾ? ಬಾಗಿಲ ಒಳಗೇ, ಯೇಸುವಿನ ದೇಹಕ್ಕೆ ತೈಲ ಹಚ್ಚಿದ್ದು ಅಂತ ನಂಬುವ ಕಲ್ಲಿನ ಮೇಲೆ ಹಣೆ ಇಟ್ಟು ಅಳುವ ಮುದುಕಿಯರನ್ನು ನೋಡಿದ ಮೇಲೆ ನೂಕಾಟದ ಸಿಟ್ಟು ಇಳಿದೇ ಹೋಯಿತು. ಬೆಳಗಿನ ಜಾವವೇ ಬಾಗಿಲು ತೆರೆಯುತ್ತದೆ, ಆಗ ಹೋಗಿ, ಜನ ಕಡಿಮೆ.

ಇನ್ನೊಂದು, ವಿರಾಜಪೇಟೆಯವರು ಬಿಡಲೇಬಾರದ ಜಾಗ. ಜೆರುಸಲೇಮ್ ಹಳೇ ನಗರದ ಸಿಂಹದ್ವಾರದ ಹತ್ತಿರ ಸಂತ ಅನ್ನಮ್ಮನ ದೇವಾಲಯ ಇದೆ, 12ನೇ ಶತಮಾನದ್ದು, ಅನ್ನಮ್ಮನ ಮಗಳು, ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ಮನೆಯ ಜಾಗ ಅಂತ ನಂಬಿಕೆ. ನಿಮ್ಮ ಚರ್ಚ್ 1792ರಿಂದ ಆಕೆಯ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ಅಲ್ಲಿ ಒಂದು ಹಾಡು ಹಾಡಿ, ಕಲ್ಲಿನ ಗೋಡೆ ಸ್ವರವನ್ನು ಎಷ್ಟೋ ಹೊತ್ತು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲೇ ಬೆಥ್ಸಥಾ ಕೊಳ, ಹಾಸಿಗೆ ಹಿಡಿದಿದ್ದವನನ್ನು ಯೇಸು ಎಬ್ಬಿಸಿ ನಡೆಸಿದ ಜಾಗ. ನಡೆಯಲು ಕಷ್ಟಪಡುವ ಅಮ್ಮನಿಗೆ ಆ ಸುವಾರ್ತೆ ಓದಿ ಹೇಳಿ.

ವಿರಾಜಪೇಟೆ ಮಗಳು:
ಅನ್ನಮ್ಮನ ಚರ್ಚ್ ಅಲ್ಲೂ ಇದೆ ಅಂತ ಗೊತ್ತೇ ಇರಲಿಲ್ಲ! ಅಮ್ಮನಿಗೆ ಓದಿ ಹೇಳಿದೆ, ಈಗಲೇ ಯಾವ ಹಾಡು ಹಾಡುವುದು ಅಂತ ಕೇಳುತ್ತಿದ್ದಾರೆ. ಬೆತ್ಲೆಹೇಮ್‌ನಲ್ಲಿ ಮೆಟ್ಟಿಲು ಜಾಸ್ತಿಯೇ? ತಿಂಗಳು ಯಾವುದು ಅಂತ ಯಾರೂ ಹೇಳಲಿಲ್ಲ.

ಅಮ್ಮತ್ತಿ ತೋಟ:
ಬೆತ್ಲೆಹೇಮ್‌ನ ಚರ್ಚಿನ ಬಾಗಿಲು ಸುಮಾರು 1.2 ಮೀಟರ್ ಎತ್ತರ ಅಷ್ಟೇ, ಎಲ್ಲರೂ ಬಗ್ಗಿಯೇ ಒಳಗೆ ಹೋಗಬೇಕು. ಯೇಸು ಹುಟ್ಟಿದ ಜಾಗದ ಗುರುತಾಗಿ ಬೆಳ್ಳಿ ನಕ್ಷತ್ರ ಇರುವ ಗವಿಗೆ ಇಳಿಯುವ ಮೆಟ್ಟಿಲು ಕೆಲವೇ, ಆದರೆ ಕಿರಿದು, ನಯವಾಗಿ ಜಾರುತ್ತದೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ. ರೊಬಸ್ಟಾ ಕೊಯ್ದು, ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೆ ಮೇ ತಿಂಗಳು ಸರಿ. ಅಲ್ಲಿ ಮಳೆಗಾಲ ಚಳಿಗಾಲದಲ್ಲಿ, ಮೇನಲ್ಲಿ ಒಣಹವೆ. ಆರ್ಥೊಡಾಕ್ಸ್‌ನವರ ಈಸ್ಟರ್ ಕೆಲವು ವರ್ಷ ತಡವಾಗಿ ಬರುತ್ತದೆ, ಆ ವಾರ ತಪ್ಪಿಸಿ. ಗುಂಪಿನ ಜೊತೆ ಫಾದರ್ ಇರುವ ಟೂರ್ ಹುಡುಕಿ, ಮೊದಲೇ ಕೇಳಿಕೊಂಡರೆ ಈ ಜಾಗಗಳಲ್ಲೇ ಬಲಿಪೂಜೆಗೆ (ಮಾಸ್‌ಗೆ) ಸಮಯ ಸಿಗುತ್ತದೆ. 2023ರ ಅಕ್ಟೋಬರ್‌ನಿಂದ ಅಲ್ಲಿನ ಪರಿಸ್ಥಿತಿ ಬದಲಾಗುತ್ತಲೇ ಇದೆ, ಹಾಗಾಗಿ ವಿದೇಶಾಂಗ ಸಚಿವಾಲಯದ ಸೂಚನೆ ನೋಡದೆ ಮುಂಗಡ ಕಟ್ಟಬೇಡಿ. ಹಣ ವಾಪಸ್ ಕೊಡುವ ಷರತ್ತನ್ನು ಬರೆದು ಕೊಡಲಿ.